ಟವೆಲ್ ಇಲ್ಲದ ದಲ್ಲಾಳಿ: ನಿಮ್ಮ ಮೊಬೈಲನ್ನು ಆರಿಸಿದ್ದು ಯಾರು?

ಹಾವೇರಿಯ ದನದ ಸಂತೆ ನೋಡಿದವರಿಗೆ ಈ ವ್ಯಾಪಾರ ಗೊತ್ತು. ದಲ್ಲಾಳಿ ಟವೆಲ್ ಕೆಳಗೆ ಕೈ ಹಾಕಿ, ಬೆರಳು ಹಿಡಿದು ರೇಟು ಹೇಳುತ್ತಾನೆ. ಸುತ್ತ ನಿಂತವರಿಗೆ ರೇಟು ತಿಳಿಯುವುದಿಲ್ಲ. ಆದರೆ ಒಂದು ಸಂಗತಿ ಎಲ್ಲರಿಗೂ ಗೊತ್ತಿರುತ್ತದೆ: ಇವನು ದಲ್ಲಾಳಿ, ವ್ಯಾಪಾರ ಕುದುರಿದರೆ ಇವನಿಗೆ ದುಡ್ಡು. ಹಾಗಾಗಿ ಅವನು ಎತ್ತನ್ನು ಎಷ್ಟೇ ಹೊಗಳಲಿ, ನಾವು ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ, ಆಮೇಲೆ ದುಡ್ಡು ಎಣಿಸುತ್ತೇವೆ.

ಅದೇ ನಾವು ತಾಲ್ಲೂಕು ಕೇಂದ್ರದ ಮೊಬೈಲ್ ಅಂಗಡಿಗೆ ಹೋದಾಗ ಹಲ್ಲು ನೋಡುವುದನ್ನು ಮರೆಯುತ್ತೇವೆ. ಟೀ ಶರ್ಟ್ ಹಾಕಿದ ಹುಡುಗ ನಗುತ್ತಾ ಬಂದು, "ಅಣ್ಣಾ, ನಿಮ್ಮ ಬಜೆಟ್ಟಿಗೆ ಇದೇ ಬೆಸ್ಟು" ಅನ್ನುತ್ತಾನೆ. ನಾವು ಅವನನ್ನು ತಿಳಿದವನು ಅಂದುಕೊಳ್ಳುತ್ತೇವೆ. ಅವನು ದಲ್ಲಾಳಿ ಎಂಬುದು ನಮಗೆ ಹೊಳೆಯುವುದೇ ಇಲ್ಲ. ನನ್ನ ತಕರಾರು ಇಷ್ಟೇ. ದಲಾಲಿ ಇರಲಿ, ಅದು ಇಲ್ಲದ ವ್ಯಾಪಾರ ಯಾವುದಿದೆ? ಆದರೆ ಅದು ಕೊಳ್ಳುವವನ ಕಣ್ಣಿಗೆ ಕಾಣಬೇಕು.

ಟೀ ಶರ್ಟ್ ಹುಡುಗ ಯಾರ ಕಡೆಯವನು?

ಅಂಗಡಿಯಲ್ಲಿ ನಿಂತ ಎಲ್ಲರೂ ಅಂಗಡಿಯವರಲ್ಲ. ಕಂಪನಿಯ ಹೆಸರಿನ ಟೀ ಶರ್ಟ್ ಹಾಕಿದವರನ್ನು ಪ್ರಮೋಟರ್ ಅನ್ನುತ್ತಾರೆ. ಅವರ ಸಂಬಳ ಬರುವುದು ಆ ಕಂಪನಿಯ ಲೆಕ್ಕದಿಂದ. ಸಂಬಳದ ಮೇಲೆ ಮಾರಿದ ಪ್ರತಿ ಪೀಸಿಗೆ ಇಂತಿಷ್ಟು ಎಂದು ಇನ್ಸೆಂಟಿವ್. ತಿಂಗಳ ಟಾರ್ಗೆಟ್ ಮುಟ್ಟಿದರೆ ಇನ್ನೂ ಸ್ವಲ್ಪ, ಮುಟ್ಟದಿದ್ದರೆ ಕೆಲಸಕ್ಕೇ ಕುತ್ತು. ಎಲ್ಲ ಮಾಡೆಲ್‌ಗಳಿಗೂ ಒಂದೇ ಇನ್ಸೆಂಟಿವ್ ಇರುವುದಿಲ್ಲ. ಯಾವ ಮಾಲು ಗೋದಾಮಿನಲ್ಲಿ ಉಳಿದಿದೆಯೋ, ಯಾವುದನ್ನು ಈ ತಿಂಗಳು ನೂಕಬೇಕೋ ಅದಕ್ಕೆ ಹೆಚ್ಚು. ಅಂಗಡಿ ಮಾಲೀಕರಿಗೂ ಹಾಗೆಯೇ. ಮಾರ್ಜಿನ್ ಒಂದು ಕಡೆ, ಅದರ ಮೇಲೆ ಸ್ಕೀಮು ಇನ್ನೊಂದು ಕಡೆ.

"ಸಿಮ್ ಇಲ್ಲೇ ಹಾಕ್ಕೊಡ್ತೀನಿ ಅಕ್ಕಾ" ಎಂದು ಅವಸರ ಮಾಡುವುದನ್ನು ಗಮನಿಸಿದ್ದೀರಾ? ಅದರಲ್ಲಿ ಸೇವೆಯೂ ಇದೆ, ಲೆಕ್ಕವೂ ಇದೆ. ಪ್ರತಿ ಮೊಬೈಲಿಗೂ ಐಎಂಇಐ ಎಂಬ ನಂಬರ್ ಇರುತ್ತದೆ. ಮೊಬೈಲ್ ಆನ್ ಆಗಿ ಇಂಟರ್‌ನೆಟ್ಟಿಗೆ ಸೇರಿದಾಗ ಆ ನಂಬರಿನ ಮೇಲೆ ಕಂಪನಿಗೆ ಮಾರಾಟ ದಾಖಲಾಗುತ್ತದೆ, ಅದನ್ನು ನೋಡಿ ಇನ್ಸೆಂಟಿವ್ ಎಣಿಸುತ್ತಾರೆ. ಸೀಲ್ ಒಡೆದ ಮೇಲೆ "ಬೇಡ, ಬೇರೆ ಕೊಡಿ" ಅಂದರೆ ಕೇಳುವವರಿಲ್ಲ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ನಮ್ಮೂರವನೇ. ಪಿಯುಸಿಯನ್ನೋ ಡಿಗ್ರಿಯನ್ನೋ ಮುಗಿಸಿ, ಬೆಂಗಳೂರಿಗೆ ಹೋಗಲಾಗದೆ ಇಲ್ಲಿ ನಿಂತಿದ್ದಾನೆ. ಅವನ ಹೊಟ್ಟೆಗೆ ಟಾರ್ಗೆಟ್ ಕಟ್ಟಿ ಕೌಂಟರ್ ಮುಂದೆ ನಿಲ್ಲಿಸಿದವರ ಮೇಲೆ ಸಿಟ್ಟು.

ಬೋರ್ಡಿಗೂ ಕ್ರಿಕೆಟ್ಟಿಗೂ ದುಡ್ಡು ಕೊಟ್ಟವರು ನಾವೇ

2016-17ರ ಸುಮಾರಿಗೆ ನಮ್ಮ ತಾಲ್ಲೂಕು ಪೇಟೆಗಳ ಬಣ್ಣವೇ ಬದಲಾಯಿತು. ಎಲ್ಲಿ ನೋಡಿದರೂ ವಿವೋ ನೀಲಿ, ಒಪ್ಪೊ ಹಸಿರು. ಕಿರಾಣಿ ಅಂಗಡಿಯ ಪಕ್ಕದ ರೀಚಾರ್ಜ್ ಗೂಡಿಗೂ ಹೊಳೆಯುವ ಬೋರ್ಡು ಬಂತು. ಬೋರ್ಡು ಹಾಕಿಸಿದ್ದು ಕಂಪನಿ. ಎಷ್ಟೋ ಕಡೆ ಬೋರ್ಡು ಇಟ್ಟುಕೊಂಡಿದ್ದಕ್ಕೆ ಅಂಗಡಿಗೆ ಬಾಡಿಗೆಯೂ ಸಿಕ್ಕಿತು.

ಅದೇ 2017ರಲ್ಲಿ ಭಾರತ ಕ್ರಿಕೆಟ್ ತಂಡದ ಜೆರ್ಸಿ ಮೇಲೆ ಹೆಸರು ಬರೆಸಲು ಒಪ್ಪೊ ಐದು ವರ್ಷಕ್ಕೆ 1,079 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಐಪಿಎಲ್ ಹೆಸರಿನ ಮುಂದೆ ತನ್ನ ಹೆಸರು ಸೇರಿಸಲು ವಿವೋ ಐದು ವರ್ಷಕ್ಕೆ 2,199 ಕೋಟಿಗೆ ಒಪ್ಪಿತು. ಎರಡೂ ಒಪ್ಪಂದಗಳು ಪೂರ್ತಿ ಅವಧಿ ನಡೆಯಲಿಲ್ಲ, ಆ ಮಾತು ಬೇರೆ. ಕೇಳಬೇಕಾದ ಪ್ರಶ್ನೆ ಇದು: ಈ ದುಡ್ಡು ಎಲ್ಲಿಂದ ಬರಬೇಕು? ಮಾರುವ ಮೊಬೈಲಿನಿಂದಲೇ ತಾನೇ? ನೀವು ಕೊಡುವ ದುಡ್ಡಿನಲ್ಲಿ ಒಂದಿಷ್ಟು ಮೊಬೈಲಿಗೆ, ಒಂದಿಷ್ಟು ಬೋರ್ಡಿಗೆ, ಒಂದಿಷ್ಟು ಜೆರ್ಸಿಗೆ, ಒಂದಿಷ್ಟು ಇನ್ಸೆಂಟಿವ್‌ಗೆ. ಬಿಲ್ಲಿನಲ್ಲಿ ಮಾತ್ರ ಒಂದೇ ಸಾಲು, ಅದರ ಕೆಳಗೆ ಶೇ 18 ಜಿಎಸ್‌ಟಿ.

ಇನ್ನೊಂದು ತಮಾಷೆ ನೋಡಿ. ನೀಲಿಯೂ ಹಸಿರೂ ಚೀನಾದ ಬಿಬಿಕೆ ಎಂಬ ಒಂದೇ ಬೇರಿನಿಂದ ಒಡೆದ ಟಿಸಿಲುಗಳು. ರಿಯಲ್‌ಮಿ 2018ರಲ್ಲಿ ಒಪ್ಪೊ ಮನೆಯಿಂದಲೇ ಹೊರಟಿತು. ಐಕ್ಯೂ ವಿವೋದ್ದು. ರೆಡ್‌ಮಿ, ಪೋಕೊ ಎರಡೂ ಶವೋಮಿಯಿಂದ ಬಂದವು. ಆರು ಬೋರ್ಡು ನೋಡಿ ಆರು ಕಂಪನಿ ಪೈಪೋಟಿ ಮಾಡುತ್ತಿವೆ ಅಂದುಕೊಂಡರೆ, ಒಳಗೆ ಇರುವುದು ಎರಡು ಮನೆತನ.

ಮಾರ್ಜಿನ್ ಕಮ್ಮಿಯಾದರೆ ಮಾಲೇ ಇಲ್ಲ

ಅಂಗಡಿಯವರು ಯಾವ ಮಾಲು ಇಡಬೇಕೆಂದು ನಿರ್ಧರಿಸುವುದು ನಮ್ಮ ಅಗತ್ಯ ನೋಡಿ ಎಂದು ನಂಬುವವರಿಗೆ ಒಂದು ಉದಾಹರಣೆ. 2024ರ ಏಪ್ರಿಲ್‌ನಲ್ಲಿ ದಕ್ಷಿಣ ಭಾರತದ ಸಂಘಟಿತ ಮೊಬೈಲ್ ಮಾರಾಟಗಾರರ ಸಂಘ, ಮೇ 1ರಿಂದ ಒನ್‌ಪ್ಲಸ್ ಮೊಬೈಲ್ ಮಾರುವುದಿಲ್ಲ ಎಂದು ಕಂಪನಿಗೆ ಪತ್ರ ಬರೆಯಿತು. ಕರ್ನಾಟಕದ ಅಂಗಡಿಗಳೂ ಅದರಲ್ಲಿದ್ದವು. ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು ಮಾರ್ಜಿನ್ ತೀರಾ ಕಮ್ಮಿ ಎಂಬುದು. ಅವರ ಕಷ್ಟ ನಿಜವೇ. ಅಂಗಡಿ ಬಾಡಿಗೆ, ಕರೆಂಟು, ಹುಡುಗರ ಸಂಬಳ ಎಲ್ಲ ಅದರಲ್ಲೇ ಹುಟ್ಟಬೇಕು. ಆದರೆ ಕಂಪನಿಗೆ ಇಷ್ಟು ಬಿಚ್ಚಿ ಹೇಳಿದ ಮಾರ್ಜಿನ್ ಲೆಕ್ಕವನ್ನು ಗಿರಾಕಿಗೆ ಯಾವತ್ತಾದರೂ ಹೇಳಿದ್ದುಂಟಾ?

"ಹಾಗಾದರೆ ಆನ್‌ಲೈನ್‌ನಲ್ಲಿ ತಗೊಂಡರಾಯಿತು" ಅನ್ನುವವರಿಗೂ ಒಂದು ಮಾತು. ಅಲ್ಲಿ ಟೀ ಶರ್ಟ್ ಹುಡುಗ ಇಲ್ಲ, ಅಷ್ಟೇ ವ್ಯತ್ಯಾಸ. ಹುಡುಕಿದಾಗ ಮೇಲೆ ಬರುವ ಮೊಬೈಲ್ ಎಷ್ಟೋ ಸಲ ದುಡ್ಡು ಕೊಟ್ಟು ಮೇಲೆ ಬಂದದ್ದು. ಅಮೆಜಾನ್, ಫ್ಲಿಪ್‌ಕಾರ್ಟ್ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ತನಿಖೆಗೆ ಆದೇಶಿಸಿತು. ಕೆಲವೇ ಮಾರಾಟಗಾರರಿಗೆ ಒಲವು ತೋರಿದ್ದಾರೆ, ಮೊಬೈಲ್ ಕಂಪನಿಗಳ ಜೊತೆ ಸೇರಿ "ನಮ್ಮಲ್ಲಿ ಮಾತ್ರ" ಎಂದು ಮಾಡೆಲ್‌ಗಳನ್ನು ಬಿಟ್ಟಿದ್ದಾರೆ ಎಂದು ತನಿಖಾ ವರದಿ ಹೇಳಿದ್ದು 2024ರಲ್ಲಿ ಸುದ್ದಿಯಾಯಿತು. ತನಿಖಾ ವರದಿಯೇ ಅಂತಿಮ ತೀರ್ಪಲ್ಲ, ನಿಜ. ಆದರೆ ಆನ್‌ಲೈನ್ ಅಂದರೆ ನೇರ ವ್ಯಾಪಾರ ಎಂಬ ಭ್ರಮೆ ಬಿಡಲು ಇಷ್ಟು ಸಾಕು.

ಹೊಗಳುವುದು ಯಾವುದನ್ನು, ಮುಚ್ಚುವುದು ಯಾವುದನ್ನು?

ದಲಾಲಿ ಹೆಚ್ಚಿರುವ ಮೊಬೈಲನ್ನು ಮಾರುವ ಮಾತಿಗೂ ಒಂದು ಪಾಠವಿದೆ. ದೊಡ್ಡ ಅಂಕಿ ಹೇಳು, ಕೆಲಸಕ್ಕೆ ಬರುವ ಅಂಕಿ ಹೇಳಬೇಡ.

"50 ಮೆಗಾಪಿಕ್ಸೆಲ್ ಕ್ಯಾಮೆರಾ" ಅನ್ನುತ್ತಾರೆ. ಇಂಥ ಹೆಚ್ಚಿನ ಮೊಬೈಲ್‌ಗಳು ನಾಲ್ಕು ಚುಕ್ಕಿ ಸೇರಿಸಿ ಒಂದು ಮಾಡಿ, ಸುಮಾರು 12 ಮೆಗಾಪಿಕ್ಸೆಲ್ ಫೋಟೊ ಕೊಡುತ್ತವೆ. ಹಿಂದೆ ಮೂರು ಕಣ್ಣು ಕಂಡರೂ ಅದರಲ್ಲಿ ಒಂದೆರಡು 2 ಮೆಗಾಪಿಕ್ಸೆಲ್‌ನ ಲೆಕ್ಕ ತುಂಬಿಸುವ ಕಣ್ಣು. "8 ಪ್ಲಸ್ 8, ಒಟ್ಟು 16 ಜಿಬಿ ರ‍್ಯಾಮ್" ಅನ್ನುತ್ತಾರೆ. ಎರಡನೇ 8 ನಿಜವಾದ ರ‍್ಯಾಮ್ ಅಲ್ಲ, ಸ್ಟೋರೇಜಿನಿಂದಲೇ ಕಡ ತಂದದ್ದು. ಅದರ ವೇಗ ರ‍್ಯಾಮಿನ ಹತ್ತಿರವೂ ಸುಳಿಯುವುದಿಲ್ಲ. ಬಾಕ್ಸಿನ ಮೇಲೆ 19,999 ಎಂದು ಎಂಆರ್‌ಪಿ ಹಾಕಿ 14,999ಕ್ಕೆ ಕೊಟ್ಟು "ಐದು ಸಾವಿರ ಡಿಸ್ಕೌಂಟ್" ಅನ್ನುತ್ತಾರೆ. ಆ ಮೊಬೈಲನ್ನು 19,999ಕ್ಕೆ ಕೊಂಡ ಒಬ್ಬರನ್ನು ತೋರಿಸಿ ನೋಡೋಣ.

ಹೇಳದೆ ಬಿಡುವುದು ಇದನ್ನು: ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ? ಸರ್ವಿಸ್ ಸೆಂಟರ್ ನಮ್ಮ ಜಿಲ್ಲೆಯಲ್ಲಿದೆಯೋ, ಹುಬ್ಬಳ್ಳಿಗೆ ಹೋಗಬೇಕೋ? ಡಿಸ್‌ಪ್ಲೇ ಒಡೆದರೆ ಎಷ್ಟು? ಮೊದಲೇ ತುಂಬಿಸಿಟ್ಟ ಆ್ಯಪ್‌ಗಳಲ್ಲಿ ಎಷ್ಟನ್ನು ತೆಗೆಯಬಹುದು? ಆ ಆ್ಯಪ್‌ಗಳೂ ಪುಕ್ಕಟೆ ಬಂದವಲ್ಲ. ಮೊಬೈಲ್ ಮಾರಾಟದ ಲಾಭವನ್ನು ಶೇ 5 ದಾಟಲು ಬಿಡುವುದಿಲ್ಲ ಎಂದು ಶವೋಮಿ 2018ರಲ್ಲಿ ಘೋಷಿಸಿತ್ತು. ಮಿಕ್ಕ ಗಳಿಕೆ ಎಲ್ಲಿಂದ? ಜಾಹೀರಾತು, ಆ್ಯಪ್ ಮುಂತಾದ ಇಂಟರ್‌ನೆಟ್ ಸೇವೆಗಳಿಂದ. ಅಂದರೆ ನೀವು ಕೊಂಡ ಮೇಲೂ ನಿಮ್ಮ ಮೇಲಿನ ವ್ಯಾಪಾರ ಮುಗಿಯುವುದಿಲ್ಲ.

ಇದು ಶೋಕಿಯ ವಿಷಯವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಈಗ ಊರಿನ ಬದುಕೇ ಮೊಬೈಲಿನೊಳಗಿದೆ. ಬೆಳೆ ಸಮೀಕ್ಷೆ ಮೊಬೈಲಿನಲ್ಲಿ. ನರೇಗಾ ಹಾಜರಿಗೆ 2023ರ ಜನವರಿಯಿಂದ ಆ್ಯಪ್ ಕಡ್ಡಾಯವಾಯಿತು. ಅಂಗನವಾಡಿ ಅಕ್ಕನ ಲೆಕ್ಕ, ಹಾಲಿನ ದುಡ್ಡು, ಮಗಳ ಸ್ಕಾಲರ್‌ಶಿಪ್ ಅರ್ಜಿ ಎಲ್ಲ ಅದರಲ್ಲೇ. ಅಪ್‌ಡೇಟ್ ನಿಂತ ಮೊಬೈಲಿನಲ್ಲಿ ಇವತ್ತಲ್ಲ ನಾಳೆ ಬ್ಯಾಂಕಿನ ಆ್ಯಪ್ ನಿಲ್ಲುತ್ತದೆ. ಆಗ ಮತ್ತೊಂದು ಮೊಬೈಲು, ಮತ್ತೊಂದು ಇಎಂಐ.

ಸೊನ್ನೆ ಬಡ್ಡಿಯ ಲೆಕ್ಕ

ಇಎಂಐ ಕಥೆ ಇನ್ನೂ ಒಳಗಿನದು. ಸಾಲ ಮಾಡಿಸಿದರೆ ಅದಕ್ಕೂ ಒಂದು ದಲಾಲಿ ಇರುತ್ತದೆ. ಹಾಗಾಗಿ ಜೇಬಿನಲ್ಲಿ ದುಡ್ಡಿದ್ದವರಿಗೂ "ಯಾಕೆ ಸರ್ ಕ್ಯಾಶ್, ಜೀರೋ ಬಡ್ಡಿ ಇದೆ" ಅನ್ನುತ್ತಾರೆ. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಹೆಸರು ಬದಲಾಯಿತು, "ನೋ ಕಾಸ್ಟ್ ಇಎಂಐ" ಬಂತು.

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಮೊಬೈಲಿಗೆ 15,000. ನಗದು ಕೊಟ್ಟು ಚೌಕಾಶಿ ಮಾಡಿದರೆ 14,200ಕ್ಕೆ ಕೊಡುತ್ತಾರೆ. ಇಎಂಐ ಅಂದರೆ ಚೌಕಾಶಿ ಇಲ್ಲ. 5,000 ಮೊದಲು ಕಟ್ಟಿ, ಉಳಿದ 10,000ವನ್ನು ತಿಂಗಳಿಗೆ 1,250ರಂತೆ ಎಂಟು ತಿಂಗಳು ಕಟ್ಟಬೇಕು. ಪ್ರೊಸೆಸಿಂಗ್ ಫೀ ಎಂದು 600 ಮೊದಲೇ ಹೋಗುತ್ತದೆ. ಹಾಗಾದರೆ ನಿಮಗೆ ನಿಜವಾಗಿ ಸಿಕ್ಕ ಸಾಲ 8,600, ತೀರಿಸುವುದು 10,000. ಕಂತುಗಳಲ್ಲಿ ತೀರಿಸುವ ಇದನ್ನು ವಾರ್ಷಿಕ ಬಡ್ಡಿಗೆ ತಿರುಗಿಸಿದರೆ ಶೇ 40 ದಾಟುತ್ತದೆ. ಕೈಗಡ ಕೊಡುವ ಊರ ಸಾಹುಕಾರ ನಾಚಬೇಕು.

ನಮ್ಮ ಪತ್ರಿಕೆಗಳು ಯಾಕೆ ಬರೆಯುವುದಿಲ್ಲ?

ಬ್ಯಾಡಗಿಯಲ್ಲಿ 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಕುಸಿದಾಗ ರೈತರು ರೊಚ್ಚಿಗೆದ್ದಿದ್ದು ರಾಜ್ಯವೇ ನೋಡಿತು. ಅಲ್ಲಿ ದರ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಸಿಟ್ಟು ಬರುತ್ತದೆ, ಸುದ್ದಿಯೂ ಆಗುತ್ತದೆ. ಮೊಬೈಲ್ ಕೌಂಟರಿನಲ್ಲಿ ಏನೂ ಕಾಣುವುದಿಲ್ಲ.

ಕಾಣಿಸಬೇಕಾದವರು ನಾವು, ಸುದ್ದಿ ಬರೆಯುವವರು. ಆದರೆ ಜಿಲ್ಲೆಯ ಪತ್ರಿಕೆಗಳ ದೀಪಾವಳಿ ಪುರವಣಿ ತುಂಬುವುದು ಮೊಬೈಲ್ ಅಂಗಡಿಗಳ ಜಾಹೀರಾತಿನಿಂದ. ಬಿಡಿ ಸುದ್ದಿಗಾರರ ಪೈಕಿ ಎಷ್ಟೋ ಜನರಿಗೆ ಸುದ್ದಿಯಿಂದ ಬರುವ ದುಡ್ಡಿಗಿಂತ ಜಾಹೀರಾತು ತಂದದ್ದಕ್ಕೆ ಸಿಗುವ ಕಮಿಷನ್ನೇ ಹೆಚ್ಚು. ಆ ಅಂಗಡಿಯ ಬಗ್ಗೆ ಅವರು ಏನು ಬರೆದಾರು? ಕಮಿಷನ್ ನಾಲಿಗೆಯನ್ನು ಹೇಗೆ ಕಟ್ಟುತ್ತದೆ ಎಂದು ನಮಗೆ ಯಾರೂ ಕಲಿಸಬೇಕಿಲ್ಲ.

ಕೇಳುವುದು ಇಷ್ಟೇ

ಇನ್‌ಸ್ಟಾಗ್ರಾಮಿನಲ್ಲಿ ದುಡ್ಡು ಪಡೆದು ವಸ್ತು ಹೊಗಳುವವರು ಅದು ಜಾಹೀರಾತು ಎಂದು ಹೇಳಲೇಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇದನ್ನು ಸ್ಪಷ್ಟ ಮಾಡಿದೆ. ಮ್ಯೂಚುವಲ್ ಫಂಡ್ ಮಾರಿದವರಿಗೆ ಎಷ್ಟು ಕಮಿಷನ್ ಹೋಯಿತು ಎಂದು 2016ರ ಅಕ್ಟೋಬರ್‌ನಿಂದ ಹೂಡಿಕೆದಾರರ ಸ್ಟೇಟ್‌ಮೆಂಟಿನಲ್ಲೇ ಬರುತ್ತಿದೆ. ಪಟ್ಟಣದ ಹೂಡಿಕೆದಾರನಿಗೆ ಇರುವ ಈ ಹಕ್ಕು ಎರಡು ತಿಂಗಳ ಕೂಲಿ ಕೂಡಿಟ್ಟು ಮೊಬೈಲ್ ಕೊಳ್ಳುವ ಹೆಣ್ಣುಮಗಳಿಗೆ ಯಾಕಿಲ್ಲ? ಪ್ರಮೋಟರ್ ಎದೆಯ ಮೇಲೆ "ನಾನು ಕಂಪನಿ ಕಡೆಯವನು, ಮಾರಿದರೆ ನನಗೆ ಇನ್ಸೆಂಟಿವ್ ಇದೆ" ಎಂದು ಕನ್ನಡದಲ್ಲಿ ಬರೆದಿರಲಿ. ಬೆಲೆ ಚೀಟಿಯ ಮೇಲೆ ಇನ್ಸೆಂಟಿವ್ ಎಷ್ಟು, ಅಪ್‌ಡೇಟ್ ಯಾವ ವರ್ಷದವರೆಗೆ ಎಂದು ಇರಲಿ. ಇದರಿಂದ ಪ್ರಾಮಾಣಿಕ ಅಂಗಡಿಯವನಿಗೆ ಏನೂ ನಷ್ಟವಿಲ್ಲ.

ಕಾನೂನು ಬರುವವರೆಗೆ ನಾವೇ ಕೇಳಬೇಕು. ಕೌಂಟರಿನಲ್ಲಿ ನಿಂತು, ಹೆದರದೆ, ಹೀಗೆ:

1. "ತಮ್ಮಾ, ನೀನು ಅಂಗಡಿಯವನೋ ಕಂಪನಿಯವನೋ?" ಕಂಪನಿಯವನಾದರೆ ಇನ್ನೊಬ್ಬರನ್ನೂ ಕೇಳಿ.
2. "ಇದೇ ರೇಟಿನಲ್ಲಿ ಬೇರೆ ಎರಡು ಕಂಪನಿಯದು ತೋರಿಸು." ಒಂದನ್ನೇ ಮುಂದೆ ತಳ್ಳುತ್ತಿದ್ದರೆ ಅನುಮಾನ ಇರಲಿ.
3. "ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ? ಕಂಪನಿ ವೆಬ್‌ಸೈಟಿನಲ್ಲಿ ತೋರಿಸು."
4. "ಕ್ಯಾಶ್ ಕೊಟ್ಟರೆ ಎಷ್ಟು, ಇಎಂಐ ಆದರೆ ಎಲ್ಲ ಸೇರಿ ಎಷ್ಟು?" ಸಾಲ ಮಾಡುವುದಾದರೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೇಳಿ. 2024ರ ಅಕ್ಟೋಬರ್ 1ರಿಂದ ಸಾಲದ ಪೂರ್ತಿ ವಾರ್ಷಿಕ ವೆಚ್ಚ ಎಷ್ಟು ಎಂದು ನಿಮಗೆ ತಿಳಿಯುವ ಭಾಷೆಯಲ್ಲಿ ಕೊಡಲೇಬೇಕು.
5. ಪಕ್ಕಾ ಬಿಲ್ ಇಲ್ಲದೆ ಹೊರಗೆ ಬರಬೇಡಿ. \*#06# ಒತ್ತಿದರೆ ಐಎಂಇಐ ಬರುತ್ತದೆ. ಬಿಲ್ಲಿನದ್ದಕ್ಕೆ ಹೊಂದುತ್ತದೋ ನೋಡಿ.
6. ಮೋಸವಾದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು.

ಈ ಪ್ರಶ್ನೆಗಳನ್ನು ಒಬ್ಬರು ಕೇಳಿದರೆ ಅಂಗಡಿಯವರು ನಕ್ಕು ಸುಮ್ಮನಾಗುತ್ತಾರೆ. ಹತ್ತು ಜನ ಕೇಳಿದರೆ ಉತ್ತರ ಸಿದ್ಧ ಮಾಡಿಕೊಳ್ಳುತ್ತಾರೆ. ಹಬ್ಬದ ಆಫರಿನ ಫ್ಲೆಕ್ಸು ಕಟ್ಟುವ ಮುಂಚೆ ಇದನ್ನು ನಿಮ್ಮ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ.