ನಕ್ಷೆ ಮಂಜೂರಾದರೆ ನೆರೆಯವನ ಹಕ್ಕು ಮುಗಿಯಿತೇ?

ಅವೆನ್ಯೂ ರಸ್ತೆಯು ಮೈಸೂರು ಬ್ಯಾಂಕ್ ವೃತ್ತದಿಂದ ಹೊರಟು ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ ಮುಗಿಯುತ್ತದೆ. 1928ರಲ್ಲಿ ಆ ಮಾರುಕಟ್ಟೆಯ ಕಟ್ಟಡ ಎದ್ದ ಜಾಗವು ಒಂದು ಕಾಲದಲ್ಲಿ ಸಿದ್ದಿಕಟ್ಟೆ ಎಂಬ ಕೆರೆಯಾಗಿತ್ತು. ಅತ್ತ ಮೆಜೆಸ್ಟಿಕ್‌ನ ಬಸ್ ನಿಲ್ದಾಣವು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿದೆ. ಕೆರೆಯನ್ನು ಮುಚ್ಚಿದರೆ ಮಳೆನೀರು ಎಲ್ಲಿಗೆ ಹೋದೀತು ಎಂದು ಮೊದಲೇ ಅಳೆದು ನೋಡಬೇಕೆಂಬ ಕಾನೂನು ಆಗ ಇರಲಿಲ್ಲ.

ಈಗ ಇದೆ. ಕೇಂದ್ರ ಸರ್ಕಾರವು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 2006ರ ಸೆಪ್ಟೆಂಬರ್ 14ರಂದು ಹೊರಡಿಸಿದ ಅಧಿಸೂಚನೆಯ ಪ್ರಕಾರ, 20,000 ಚದರ ಮೀಟರ್ ಹಾಗೂ ಅದಕ್ಕಿಂತ ಹೆಚ್ಚು ವಿಸ್ತೀರ್ಣದ ಕಟ್ಟಡಗಳಿಗೆ ಕೆಲಸ ಆರಂಭಿಸುವ ಮೊದಲೇ ಪರಿಸರ ಅನುಮತಿ ಬೇಕು. ಅದಕ್ಕಿಂತ ಚಿಕ್ಕದಾದರೆ ಆ ಪ್ರಶ್ನೆಯೇ ಏಳದು. ಇದನ್ನು ಪೇಟೆಯ ಲೆಕ್ಕದಲ್ಲಿ ನೋಡೋಣ. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದಲ್ಲಿ ಅಂಚಿನಿಂದ ಅಂಚಿಗೆ ಐದು ಅಂತಸ್ತು ಕಟ್ಟಿದರೆ 6,000 ಚದರ ಅಡಿ. ಅಂತಹ 36 ಕಟ್ಟಡಗಳು ಸೇರಿದರೆ ಕಾನೂನಿನ ಮಿತಿ ಮುಟ್ಟುತ್ತದೆ. ಆದರೆ ಮಾಲೀಕರು 36 ಮಂದಿ, ಅರ್ಜಿಗಳೂ 36; ಆದ್ದರಿಂದ ಯಾರನ್ನೂ ಯಾರೂ ಏನನ್ನೂ ಕೇಳುವುದಿಲ್ಲ. ಗಲ್ಲಿಯ ಮೋರಿ ಮಾತ್ರ ಎಲ್ಲರಿಗೂ ಒಂದೇ!

ಮಿತಿ ಮೀರಿದ ದೊಡ್ಡ ಕಟ್ಟಡಗಳಿಗೂ ಅದೇ ಅಧಿಸೂಚನೆಯು ಸಾರ್ವಜನಿಕ ಅಹವಾಲಿನಿಂದ ವಿನಾಯಿತಿ ನೀಡಿದೆ. ಅಂದರೆ ನೆರೆಯವನ ಮಾತಿಗೆ ಅಲ್ಲಿಯೂ ಜಾಗವಿಲ್ಲ. ಇದು ಆ ಕಾನೂನಿನ ದೊಡ್ಡ ಕೊರತೆಯೆಂದೇ ನಾವು ಭಾವಿಸುತ್ತೇವೆ.

ಆದರೂ ಅರ್ಜಿದಾರರು ತುಂಬಬೇಕಾದ ನಮೂನೆಯಲ್ಲಿರುವ ಪ್ರಶ್ನೆಗಳು ಒಳ್ಳೆಯವು. ನೀರು ಎಲ್ಲಿಂದ ತರುವಿರಿ, ಮಳೆನೀರಿನ ಹರಿವು ಬದಲಾಗುವುದೇ, ಕೊಳಚೆ ಎಲ್ಲಿಗೆ ಹೋಗುತ್ತದೆ, ವಾಹನಗಳು ಎಷ್ಟು ಹೆಚ್ಚುತ್ತವೆ, ಸುತ್ತಲಿನ ಜನರಿಗೆ ತೊಂದರೆಯಾದೀತೇ ಎಂದು ಅದು ವಿಚಾರಿಸುತ್ತದೆ. ಇವು ನಮ್ಮ ಉಲೇಮಾಗಳಿಗೆ ಹೊಸ ಪ್ರಶ್ನೆಗಳಲ್ಲ. ಯಾರಿಗೂ ಹಾನಿಯಾಗಬಾರದೆಂಬುದು ಫಿಕ್ಹ್‌ನ ಮೂಲತತ್ವಗಳಲ್ಲೊಂದು. ಹದಿನಾಲ್ಕನೆಯ ಶತಮಾನದ ಟ್ಯೂನಿಸ್‌ನಲ್ಲಿ ಇಬ್ನುಲ್ ರಾಮಿ ಎಂಬ ಕಟ್ಟಡದ ಮೇಸ್ತ್ರಿ ಖಾಝಿಗೆ ಸಲಹೆಗಾರರಾಗಿದ್ದರು. ಗೋಡೆ, ಕಿಟಕಿ, ಹೊಗೆ, ಬಚ್ಚಲುನೀರು ಇವುಗಳ ಕುರಿತ ನೆರೆಹೊರೆಯ ವ್ಯಾಜ್ಯಗಳನ್ನೇ ವಿಷಯವಾಗಿಸಿ ಅವರು ಗ್ರಂಥ ಬರೆದರು. ತನ್ನ ಜಾಗದಲ್ಲಿ ತಾನು ಏನು ಬೇಕಾದರೂ ಕಟ್ಟಬಹುದು ಎಂಬ ವಾದವನ್ನು ಆ ನ್ಯಾಯಾಲಯ ಸುಮ್ಮನೆ ಒಪ್ಪುತ್ತಿರಲಿಲ್ಲ.

ನಮ್ಮವರ ಕಟ್ಟಡಗಳ ಮಾತಿಗೆ ಬರೋಣ. ಪೇಟೆಯಲ್ಲಿ ಸಣ್ಣ ನಿವೇಶನವಿರುವ ವ್ಯಾಪಾರಿಯ ಕಷ್ಟ ನಮಗೆ ತಿಳಿಯದ್ದಲ್ಲ. ಅಣ್ಣತಮ್ಮಂದಿರಲ್ಲಿ ಪಾಲಾದ ಮಳಿಗೆಯ ಮೇಲೆ ಇನ್ನೊಂದು ಅಂತಸ್ತು ಏರಿಸದೆ ಅವನಿಗೆ ದಾರಿಯಿಲ್ಲ. ಅವನಿಗೆ ಸಲಹೆಗಾರರ ಶುಲ್ಕ, ದಪ್ಪ ವರದಿ ಎಂದು ಹೊರೆ ಹೊರಿಸಬೇಕೆಂದು ನಾವು ಹೇಳುವುದಿಲ್ಲ. ಆದರೆ ಅವನ ಸೆಲ್ಲಾರಿನ ನೀರು ಪಂಪಿನಿಂದ ಗಲ್ಲಿಗೆ ಬಿದ್ದು ಎದುರಿನ ಪುಸ್ತಕದಂಗಡಿಯ ಹೊಸ್ತಿಲಿಗೆ ಬರುವುದಾದರೆ, ಕೈಯಲ್ಲಿರುವ ಮಂಜೂರಾದ ನಕ್ಷೆ ಅಲ್ಲಾಹನ ಮುಂದೆ ಉತ್ತರವಾಗದು. ಆ ಅಂಗಡಿಯವರು ಯಾವ ಧರ್ಮದವರೇ ಆಗಿರಲಿ, ನೆರೆಯವರೇ.

ಜಮಾಅತ್‌ಗಳ ಹೊಣೆ ಇನ್ನೂ ಹೆಚ್ಚು. ಮಸೀದಿಯ ಆದಾಯಕ್ಕೆಂದು ಬಾಡಿಗೆ ಮಳಿಗೆಗಳನ್ನು ಕಟ್ಟುವಾಗ ಸಮಿತಿಯ ಸಭೆಯಲ್ಲಿ ಮುಂಗಡ, ಬಾಡಿಗೆಗಳ ಚರ್ಚೆ ನಡೆಯುತ್ತದೆ. ಮೋರಿಯ ಚರ್ಚೆ ನಡೆದದ್ದನ್ನು ನಾವು ಕಂಡದ್ದು ಕಡಿಮೆ. ಪ್ರವಾದಿ(ಸ)ರವರು ಸುಮಾರು ಮುಕ್ಕಾಲು ಲೀಟರ್ ನೀರಿನಲ್ಲಿ ವುಝೂ ಮುಗಿಸುತ್ತಿದ್ದರೆಂದು ಮಕ್ಕಳಿಗೆ ಕಲಿಸುವ ನಾವು, ವುಝೂಖಾನೆಯ ನೀರನ್ನು ಮಳೆನೀರಿನೊಡನೆ ಇಂಗುಗುಂಡಿಗೆ ಬಿಡಲು ನಕ್ಷೆಯಲ್ಲಿ ಆರಡಿ ಜಾಗವನ್ನೂ ತೋರಿಸುವುದಿಲ್ಲ. ಹೊಸ ಕಟ್ಟಡಗಳಲ್ಲಿ ಮಳೆನೀರು ಸಂಗ್ರಹವನ್ನು ಬೆಂಗಳೂರಿನಲ್ಲಿ 2009ರಲ್ಲೇ ಕಡ್ಡಾಯ ಮಾಡಲಾಯಿತು. 1,200 ಚದರ ಅಡಿಗಿಂತ ಚಿಕ್ಕ ನಿವೇಶನಗಳು ಅದರಿಂದಲೂ ಹೊರಗುಳಿದವು. ಪೇಟೆಯಲ್ಲಿ ಅಂಥವೇ ಹೆಚ್ಚು.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ನಕ್ಷೆಯನ್ನು ಪಾಲಿಕೆಗೆ ಒಯ್ಯುವ ಮುನ್ನ ಸಮಿತಿಯವರು ಅದೇ ಸರ್ಕಾರಿ ನಮೂನೆಯ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಬರೆದು, ಒಂದು ಶುಕ್ರವಾರ ಜುಮಾ ನಮಾಝಿನ ನಂತರ ಗಲ್ಲಿಯ ಎಲ್ಲ ಅಂಗಡಿಯವರನ್ನೂ ಕೂರಿಸಿ ಓದಿ ಹೇಳಲಿ. ಎದುರಿನವರು ಆಕ್ಷೇಪಿಸಿದ್ದನ್ನು ಅದೇ ಹಾಳೆಯ ಅಂಚಿನಲ್ಲಿ ಬರೆದುಕೊಳ್ಳಲಿ. ನಕ್ಷೆ ತಿದ್ದಲು ಆಗ ಇನ್ನೂ ಪೆನ್ಸಿಲ್ಲು ಸಾಕಾಗುತ್ತದೆ.