ನೀರಿನ ದಂಡೆಗೆ ಟೆಂಟ್ ಬೇಡ, ಊರ ಮನೆಗೆ ಅತಿಥಿ ಬರಲಿ

ಹುಬ್ಬಳ್ಳಿ ಬಿಟ್ಟು ತಡಸದ ಮೇಲೆ ಹಾಯ್ದು ಮುಂಡಗೋಡ ಮುಟ್ಟಲು ಸುಮಾರು ಒಂದು ತಾಸು ಸಾಕು. ಅಷ್ಟರಲ್ಲಿ ಬಯಲುಸೀಮೆ ಹಿಂದೆ ಉಳಿದು ತೇಗ, ಬಿದಿರಿನ ಕಾಡು ಕಣ್ಣಿಗೆ ಬೀಳುತ್ತದೆ. ಉತ್ತರ ಕನ್ನಡದ ಈ ಅರೆಮಲೆನಾಡಿನ ತಾಲ್ಲೂಕಿನಲ್ಲಿ ಸನವಳ್ಳಿ, ಬಾಚಣಕಿ, ಅತ್ತಿವೇರಿ, ಧರ್ಮಾ ಎಂದು ಜಲಾಶಯಗಳ ಸಾಲೇ ಇದೆ. ಅವುಗಳನ್ನು ಕಟ್ಟಿದ್ದು ಗದ್ದೆಗೆ ನೀರುಣಿಸಲು. ಆದರೆ ದಾಂಡೇಲಿ, ಗಣೇಶಗುಡಿಗಳಲ್ಲಿ ವಾರಾಂತ್ಯದ ಜನಜಂಗುಳಿ ಹೆಚ್ಚಿದಂತೆಲ್ಲ, ನೀರು ಮತ್ತು ಕಾಡು ಒಟ್ಟಿಗೆ ಸಿಗುವ ಇಂಥ ಜಾಗಗಳ ಮೇಲೆ ಪ್ರವಾಸೋದ್ಯಮದ ಕಣ್ಣು ಬೀಳುವುದು ಸಹಜ. ಇವುಗಳಲ್ಲಿ ಒಂದಾದ ಸನವಳ್ಳಿಗೆ ಪ್ರವಾಸಿಗರು ಬರಬಾರದು ಎಂದು ಹೇಳುವುದು ಸರಿಯಲ್ಲ, ಅದು ಆಗುವ ಮಾತೂ ಅಲ್ಲ. ಅವರು ಎಲ್ಲಿ ಮಲಗಬೇಕು, ಅವರು ಕೊಡುವ ಹಣ ಯಾರ ಕೈ ಸೇರಬೇಕು ಎಂಬುದನ್ನು ಮಾತ್ರ ಊರು ಈಗಲೇ ತೀರ್ಮಾನಿಸಬೇಕು. ಜಲಾಶಯದ ದಂಡೆಯಲ್ಲಿ ಟೆಂಟ್, ಕ್ಯಾಬಿನ್‌ಗಳಿಗೆ ಅವಕಾಶ ಕೊಡದೆ, ಊರಲ್ಲಿ ವಾಸವಿರುವ ರೈತರ ಮನೆಗಳಲ್ಲೇ ತಂಗುವ ವ್ಯವಸ್ಥೆ ಮಾಡುವುದು ಪ್ರವಾಸಿಗೂ ಊರಿಗೂ ಕಾಡಿಗೂ ಹಿತ.

ಮೊದಲು ಹವೆಯನ್ನೇ ನೋಡೋಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ನೆಲ ಕೆಸರು, ಹುಲ್ಲಿನ ತುಂಬ ಉಂಬಳ, ಬಟ್ಟೆ ಎರಡು ದಿನವಾದರೂ ಒಣಗದ ತೇವ. ಭತ್ತ ತೆನೆಗಟ್ಟುವ ಹೊತ್ತಿಗೆ ದಾಂಡೇಲಿ, ಹಳಿಯಾಳದ ಕಾಡಿನ ಕಡೆಯಿಂದ ಆನೆಗಳು ಮುಂಡಗೋಡದ ಗದ್ದೆಗಳಿಗೆ ಇಳಿಯುತ್ತವೆ. ರಾತ್ರಿಯಿಡೀ ಪಟಾಕಿ ಸಿಡಿಸಿ, ಬೊಬ್ಬೆ ಹಾಕಿ ಬೆಳೆ ಕಾಯುವ ಸಂಕಟ ಇಲ್ಲಿನ ರೈತರಿಗೆ ವರ್ಷವೂ ತಪ್ಪಿದ್ದಲ್ಲ. ಚಳಿ ಕಳೆದರೆ ತೇಗದ ಎಲೆ ಉದುರಿ, ಒಂದು ಕಿಡಿ ಬಿದ್ದರೂ ಹೊತ್ತಿಕೊಳ್ಳುವಂತೆ ಕಾಡು ಒಣಗುತ್ತದೆ. ಅದೇ ಜನವರಿಯಿಂದ ಮೇವರೆಗಿನ ಅವಧಿ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಉಣ್ಣೆಯಿಂದ ಹರಡುತ್ತದೆ, ಉತ್ತರ ಕನ್ನಡದ ಸಿದ್ದಾಪುರವನ್ನೂ ಕಾಡಿದೆ. ಹೀಗಿರುವಾಗ ತರಗೆಲೆಯ ಮೇಲೆ ಟೆಂಟ್ ಹಾಕಿ, ಪಕ್ಕದಲ್ಲಿ ಕ್ಯಾಂಪ್‌ಫೈರ್ ಹೊತ್ತಿಸುವುದಕ್ಕೆ ಯಾವ ತಿಂಗಳು ಸುರಕ್ಷಿತ? ಊರ ಮನೆ ಈ ಹವೆಗೆಂದೇ ರೂಪುಗೊಂಡಿದೆ. ಸೆಕೆಯನ್ನು ತಡೆಯುವ ದಪ್ಪ ಮಣ್ಣಿನ ಗೋಡೆ, ಎರಚಲು ಒಳಬಾರದಂತೆ ತಗ್ಗಿಸಿದ ಹೆಂಚಿನ ಮಾಡು, ಗಾಳಿಗೆ ತೆರೆದ ಜಗಲಿ ಅದಕ್ಕಿವೆ. ನೈಲಾನ್ ಬಟ್ಟೆಯ ಟೆಂಟ್ ಏಪ್ರಿಲ್ ಬಿಸಿಲಿಗೆ ಬೆಳಿಗ್ಗೆ ಎಂಟಕ್ಕೇ ಕುದಿಯತೊಡಗುತ್ತದೆ. ಜೊತೆಗೆ, ಆನೆ ಯಾವ ದಾರಿಯಲ್ಲಿ ಬರುತ್ತದೆ ಎಂಬ ತಿಳಿವಳಿಕೆ ಮನೆಯ ಯಜಮಾನನಿಗೆ ಇರುತ್ತದೆ. ದೂರದ ನಗರದಲ್ಲಿ ಕುಳಿತು ಬುಕಿಂಗ್ ತೆಗೆದುಕೊಳ್ಳುವವನಿಗೆ ಇರುವುದಿಲ್ಲ.

ಎರಡನೆಯದು ಹಣದ ಮಾತು. ಅದಕ್ಕೆ ದಾಂಡೇಲಿಯ ಅನುಭವವನ್ನೇ ನೋಡೋಣ. ರಾಜ್ಯ ಸರ್ಕಾರ 1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯನ್ನು ಕಟ್ಟಿತು. ಮುಂದೆ ಅದು ಕಾಳಿ ನದಿಯ ದಂಡೆಯಲ್ಲೂ ನೆಲೆಯೂರಿತು. ದಾಂಡೇಲಿ ಸಮೀಪದ ಕುಳಗಿಯಲ್ಲಿ ಅರಣ್ಯ ಇಲಾಖೆಯ ನಿಸರ್ಗ ಶಿಬಿರವಿದೆ. ಕಾಗದದ ಗಿರಣಿಯ ಊರೆಂದಷ್ಟೇ ಗೊತ್ತಿದ್ದ ದಾಂಡೇಲಿಗೆ ಇವು ಹೊಸ ಹೆಸರು ತಂದವು. 2007ರಲ್ಲಿ ಅಣಶಿ-ದಾಂಡೇಲಿ ಹುಲಿ ಮೀಸಲು ಪ್ರದೇಶ ಘೋಷಣೆಯಾಯಿತು, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಕಾಡಿನೊಳಗೆ ಕಟ್ಟುವಂತಿಲ್ಲವಾದ್ದರಿಂದ ಅಂಚಿನ ಮಾಲ್ಕಿ ಜಮೀನಿಗೆ ಬೇಡಿಕೆ ಏರಿತು. ರ್‍ಯಾಫ್ಟಿಂಗ್ ಗೈಡ್, ಜೀಪ್ ಚಾಲಕ, ಅಡುಗೆಯವರಾಗಿ ಅನೇಕ ಸ್ಥಳೀಯರಿಗೆ ಕೆಲಸ ಸಿಕ್ಕಿದ್ದು ನಿಜ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಸಂಬಳ ಬೇರೆ, ಒಡೆತನ ಬೇರೆ. ಒಮ್ಮೆ ಮಾರಿದ ಜಮೀನು ತಿರುಗಿ ಬರುವುದಿಲ್ಲ. ಅದೇ ಗದ್ದೆಯ ಮಗ ಅಲ್ಲೇ ಗೇಟು ಕಾಯುವ ಕೆಲಸಕ್ಕೆ ನಿಂತರೆ ಅದನ್ನು ಅಭಿವೃದ್ಧಿ ಎನ್ನಲಾಗದು. ಪಕ್ಕದ ಜೋಯಿಡಾದಲ್ಲಿ ಮನೆಮಂದಿಯೇ ನಡೆಸುವ ಹೋಂಸ್ಟೇಗಳು ಬೇರೊಂದು ದಾರಿ ತೋರಿಸಿವೆ. ಅಲ್ಲಿ ಕುಣಬಿಗಳು ಬೆಳೆಯುವ ಗಡ್ಡೆಗೆಣಸಿಗೆ ಒಂದು ಮೇಳವೇ ನಡೆಯುತ್ತದೆ. ಅಂಥ ಬೆಳೆ ಅತಿಥಿಯ ತಟ್ಟೆಗೆ ಬಿದ್ದಾಗ ಬೆಳೆದವನಿಗೇ ಲಾಭ.

ಮುಂಡಗೋಡದೊಳಗೇ ಇನ್ನೊಂದು ಉದಾಹರಣೆ ಇದೆ. 1966ರಲ್ಲಿ ನೆಲೆಗೊಂಡ ಟಿಬೆಟಿಯನ್ನರ ಕ್ಯಾಂಪ್‌ಗಳಲ್ಲಿ ಡ್ರೆಪುಂಗ್, ಗಾಡೆನ್ ಮಠಗಳಿಗೆ ಸೇರಿದ ಅತಿಥಿಗೃಹಗಳಿವೆ. ತಂಗುವವರ ಹಣ ಆ ಸಮುದಾಯದೊಳಗೇ ಉಳಿಯುತ್ತದೆ. ವಿದೇಶಿಯರು ಅಲ್ಲಿ ರಾತ್ರಿ ತಂಗಲು ಕೇಂದ್ರ ಗೃಹ ಸಚಿವಾಲಯದ ಅನುಮತಿ ಪಡೆಯಬೇಕು. ಇಷ್ಟು ಬಿಗಿ ನಿಯಮವಿದ್ದರೂ ಬರುವವರು ಬರುತ್ತಲೇ ಇದ್ದಾರೆ. ಕಟ್ಟುಪಾಡು ಹಾಕಿದರೆ ಪ್ರವಾಸಿಗರು ಓಡಿಹೋಗುತ್ತಾರೆ ಎಂಬ ಹೆದರಿಕೆ ಪೊಳ್ಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಟೆಂಟ್ ತಾತ್ಕಾಲಿಕ, ಸಿಮೆಂಟು ಇಲ್ಲ, ಸೋಮವಾರ ಕಿತ್ತರೆ ಗುರುತೂ ಉಳಿಯದು ಎಂದು ಕೆಲವರು ವಾದಿಸುತ್ತಾರೆ. ಟೆಂಟ್ ಕೀಳಬಹುದು, ಅದರ ಜೊತೆ ಬಂದದ್ದನ್ನು ಕೀಳಲಾಗದು. ಐವತ್ತು ಜನ ತಂಗಿದರೆ ಐವತ್ತು ಜನರ ಶೌಚ, ಜನರೇಟರ್, ಧ್ವನಿವರ್ಧಕ, ಬಾಟಲಿಯ ಚೂರು ಎಲ್ಲವೂ ನೀರಿನ ಅಂಚಿಗೇ ಬಂದು ನಿಲ್ಲುತ್ತವೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ತೆರೆದುಕೊಳ್ಳುವ ದಂಡೆಯೇ ದನ ಮೇಯುವ, ಎಮ್ಮೆ ನೀರಿಗಿಳಿಯುವ ಜಾಗ. ಅಲ್ಲೇ ಬಾಟಲಿ ಒಡೆದರೆ ಸೀಳುವುದು ದನದ ಗೊರಸನ್ನು. ಅತ್ತಿವೇರಿಯ ಜಲಾಶಯ ಪಕ್ಷಿಧಾಮವಾಗಿರುವುದರಿಂದಲೇ ಚಮಚದ ಕೊಕ್ಕರೆಗಳಿಗೆ ಅಲ್ಲಿ ನೆಮ್ಮದಿ ಸಿಕ್ಕಿದೆ. ಸನವಳ್ಳಿಯ ದಂಡೆಗೆ ಅಂಥ ಕಾನೂನಿನ ರಕ್ಷೆ ಇಲ್ಲ, ಹಾಗಾಗಿ ಊರಿನ ನಿರ್ಣಯವೇ ಅದನ್ನು ಕಾಯಬೇಕು. ಹಗಲು ಬಂದು ನೀರು ನೋಡಿ ಹೋಗುವವರಿಗೆ ಯಾರ ಅಡ್ಡಿಯೂ ಬೇಡ.

ಹೋಂಸ್ಟೇ ಎಂಬ ಹೆಸರೂ ಕೆಟ್ಟಿದೆಯಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಕೊಡಗಿನಲ್ಲೂ ಬೇರೆಡೆಯೂ ಮನೆಯವರಿಲ್ಲದ ಮನೆಗಳು ಹೋಂಸ್ಟೇ ಹೆಸರಿನಲ್ಲಿ ಲಾಡ್ಜ್‌ಗಳಾಗಿ ನಡೆದಿವೆ. ಆದರೆ ಇದು ನಿಯಮದ ಕೊರತೆಯಲ್ಲ, ತಪಾಸಣೆಯ ಕೊರತೆ. ಮಾಲೀಕ ಅದೇ ಮನೆಯಲ್ಲಿ ವಾಸವಿರಬೇಕು, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಬೇಕು ಎಂಬುದೇ ಹೋಂಸ್ಟೇ ವ್ಯವಸ್ಥೆಯ ತಿರುಳು. ಮನೆಯಲ್ಲಿ ಯಾರು ವಾಸವಿದ್ದಾರೆಂದು ಬೆಂಗಳೂರಿನ ಅಧಿಕಾರಿಗಿಂತ ಗ್ರಾಮ ಪಂಚಾಯಿತಿಗೆ ಚೆನ್ನಾಗಿ ಗೊತ್ತು. ನವೀಕರಣಕ್ಕೆ ಪಂಚಾಯಿತಿಯ ದೃಢೀಕರಣ ಕಡ್ಡಾಯವಾದರೆ ಈ ಕಳ್ಳದಾರಿ ಬಹುಪಾಲು ಮುಚ್ಚುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬಡವರ ಕಡೆಯಿಂದ ಬರುತ್ತದೆ. ಉತ್ತರ ಕನ್ನಡದ ಸುಮಾರು ಶೇ 80 ಭಾಗ ಅರಣ್ಯ. ತಲೆಮಾರುಗಳಿಂದ ಉಳುತ್ತಿರುವ ಸಾವಿರಾರು ಕುಟುಂಬಗಳು ದಾಖಲೆಯಲ್ಲಿ ಇಂದಿಗೂ ಅತಿಕ್ರಮಣದಾರರು. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದವರಿಂದ ಮೂರು ತಲೆಮಾರಿನ ವಾಸದ ದಾಖಲೆ ಕೇಳುತ್ತದೆ. ಪರಿಶಿಷ್ಟ ಪಂಗಡಕ್ಕೆ 2003ರಲ್ಲಿ ಸೇರಿದ ಸಿದ್ದಿಗಳಿಗೂ ಹಕ್ಕುಪತ್ರ ಸುಲಭದ ತುತ್ತಲ್ಲ. ಪಟ್ಟಾ ಇಲ್ಲದವನಿಗೆ ಪರವಾನಗಿಯೂ ಇಲ್ಲ, ಬ್ಯಾಂಕ್ ಸಾಲವೂ ಇಲ್ಲ. ಹಾಗಾದರೆ ಲಾಭವೆಲ್ಲ ಮಾಲ್ಕಿ ಜಮೀನಿದ್ದ ಕೆಲವರಿಗಷ್ಟೇ ಅಲ್ಲವೇ? ಈ ಪ್ರಶ್ನೆಗೆ ಉತ್ತರ ಸಹಕಾರ. ದಲ್ಲಾಳಿಗಳ ಕೈಯಿಂದ ಪಾರಾಗಲು ಅಡಿಕೆ ಬೆಳೆಗಾರರು ಶಿರಸಿಯಲ್ಲಿ 1923ರಲ್ಲೇ ತೋಟಗಾರರ ಸೇಲ್ ಸೊಸೈಟಿ ಕಟ್ಟಿದ ಜಿಲ್ಲೆ ಇದು. ಕೋಣೆ ಇದ್ದವರು ಕೋಣೆ ಕೊಡಲಿ. ಇಲ್ಲದವರ ಅಕ್ಕಿ, ಹಾಲು, ತರಕಾರಿ, ಗಾಡಿ, ದಾರಿ ತೋರಿಸುವ ಕೆಲಸ ಎಲ್ಲವನ್ನೂ ಒಂದೇ ಸಂಘ ಕೊಳ್ಳಲಿ. ಬುಕಿಂಗ್ ಆ್ಯಪ್‌ಗೆ ಹೋಗುವ ಕಮಿಷನ್ ಸಂಘಕ್ಕೆ ಬರಲಿ. ಕೇರಳದ ಕುಮರಕಂನಲ್ಲಿ ಹೋಟೆಲುಗಳಿಗೆ ಬೇಕಾದ ತರಕಾರಿಯನ್ನು ಕುಟುಂಬಶ್ರೀ ಸ್ವಸಹಾಯ ಸಂಘಗಳ ಮಹಿಳೆಯರಿಂದ ಕೊಳ್ಳುವ ವ್ಯವಸ್ಥೆ ಮಾಡಿ ತೋರಿಸಿದ್ದಾರೆ. ನಮ್ಮ ಸ್ತ್ರೀಶಕ್ತಿ ಸಂಘಗಳಿಗೆ ಅದು ಅಸಾಧ್ಯವೇನಲ್ಲ.

ಇಷ್ಟಕ್ಕೆ ಕೋಟಿಗಟ್ಟಲೆ ಹಣದ ಯೋಜನೆ ಬೇಡ. ಜಲಾಶಯದ ಸುತ್ತ ರಾತ್ರಿ ತಂಗುವಂತಿಲ್ಲ, ಬೆಂಕಿ ಹಾಕುವಂತಿಲ್ಲ ಎಂದು ಗ್ರಾಮಸಭೆ ನಿರ್ಣಯ ಮಾಡಲಿ, ನೀರಾವರಿ ಇಲಾಖೆ ಅದನ್ನು ಜಾರಿಗೆ ತರಲಿ. ಹತ್ತು ಮನೆಗಳಿಗೆ ಶೌಚಾಲಯ, ಹಾಸಿಗೆಗೆ ಸಹಕಾರಿ ಸಂಘದಿಂದ ಕಡಿಮೆ ಬಡ್ಡಿಯ ಸಾಲ ಸಿಗಲಿ. ಹೊರಗಿನ ಬಂಡವಾಳ ಬಂದು ಬೋರ್ಡು ನೆಟ್ಟ ಮೇಲೆ ನಿಯಮ ಮಾಡಹೊರಟರೆ ಕೋರ್ಟು, ತಡೆಯಾಜ್ಞೆಗಳಲ್ಲೇ ವರ್ಷಗಳು ಕಳೆಯುತ್ತವೆ. ಸನವಳ್ಳಿ ಆ ಹಂತ ಮುಟ್ಟುವ ಮೊದಲೇ, ಊರವರು ಒಂದು ಸಂಜೆ ಕೂತು ಈ ನಿರ್ಣಯ ಬರೆಯಬೇಕು.