ಕಿಲೋಮೀಟರ್ ಬಿಡಿ, ಏರು ಎಷ್ಟು ನೋಡಿ



ಚಳಿಗಾಲ ಬಂತೆಂದರೆ ಪುಣೆಯ ನಮ್ಮ ಕನ್ನಡ ಗ್ರೂಪುಗಳಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಫೋಟೋಗಳು ಶುರುವಾಗುತ್ತವೆ. ತಲೆಗೆ ಹೆಲ್ಮೆಟ್, ಕೈಯಲ್ಲಿ ಸೈಕಲ್, ಹಿಂದೆ ಜಲಾಶಯ, ಕೆಳಗೆ "ಇಂದು 60 ಕಿ.ಮೀ." ಅಂತ ಒಂದು ಸಾಲು. ಮುಂದಿನ ವಾರ ಇನ್ನೊಬ್ಬರು 70 ಹಾಕುತ್ತಾರೆ. ಈ ಪೈಪೋಟಿ ನಲವತ್ತೈದು ದಾಟಿದ ನಮ್ಮಂಥವರಿಗೆ ಒಳ್ಳೆಯದಲ್ಲ ಎಂದು ನನ್ನ ಸ್ಪಷ್ಟ ಅಭಿಪ್ರಾಯ. ಸೈಕಲ್ ಬೇಡ ಅನ್ನುತ್ತಿಲ್ಲ. ಓಡುವುದಕ್ಕಿಂತ ಮೊಣಕಾಲಿಗೆ ಹಗುರ, ಶುಗರು ಬಿಪಿ ಎರಡಕ್ಕೂ ಒಳ್ಳೆಯದು. ನನ್ನ ತಕರಾರು ಏನಿದ್ದರೂ ನಾವು ದಾರಿ ಆರಿಸುವ ರೀತಿಯ ಮೇಲೆ.

ನನ್ನ ಕಥೆಯನ್ನೇ ಕೇಳಿ. ಹುಬ್ಬಳ್ಳಿ ಬಿಟ್ಟು ಪುಣೆಗೆ ಬಂದು ಇಪ್ಪತ್ತು ವರ್ಷವಾಯಿತು. ಸಿಂಹಗಡ ರಸ್ತೆಯಲ್ಲಿ ಮನೆ. ಶುಗರಿಗೆ ಗ್ಲಿಮೆಪಿರೈಡ್ ಮಾತ್ರೆ. ಎರಡು ವರ್ಷದ ಹಿಂದೆ ಒಂದು ಭಾನುವಾರ ಖಡಕ್‌ವಾಸ್ಲಾ, ಡೋಣಜೆ ಮೇಲಿಂದ ಪಾನ್‌ಶೇತ್ ಮುಟ್ಟಿ ಬರಬೇಕೆಂದು ಹೊರಟೆ. ಫೋನಿನಲ್ಲಿ ನೋಡಿದ್ದು ದೂರ ಒಂದನ್ನೇ. ಮಾತ್ರೆ ನುಂಗಿ, ಬರೀ ಚಹಾ ಕುಡಿದು, ನಾಷ್ಟಾ ದಾರಿಯಲ್ಲಿ ಮಾಡೋಣ ಅಂತ ಪೆಡಲ್ ತುಳಿದೆ. ಹೋಗುವಾಗ ಖುಷಿಯೋ ಖುಷಿ. ಬಲಕ್ಕೆ ನೀರು, ಎಡಕ್ಕೆ ಬೆಟ್ಟ. ಬರುವಾಗ ಫೋನು ಒಂದು ಒಳದಾರಿ ತೋರಿಸಿತು, ಮೂರು ಕಿಲೋಮೀಟರ್ ಕಡಿಮೆ. ಅದು ಗರಸಿನ ದಾರಿ, ಮೇಲೆ ಸಡಿಲ ಕಲ್ಲು, ನನ್ನದು ತೆಳ್ಳನೆ ಟೈರು. ಇಳಿದು ಸೈಕಲ್ ತಳ್ಳುತ್ತ ಏರು ಹತ್ತುವಾಗ ಕೈ ನಡುಗಲು ಶುರುವಾಯಿತು, ತಣ್ಣನೆ ಬೆವರು, ಕಣ್ಣಿಗೆ ಕತ್ತಲೆ. ಫೋನಿಗೆ ಸಿಗ್ನಲ್ ಇಲ್ಲ. ಎಮ್ಮೆ ಕಟ್ಟುತ್ತಿದ್ದ ಒಬ್ಬ ಆಜಿ ನನ್ನ ಮುಖ ನೋಡಿಯೇ ಒಳಗಿನಿಂದ ಬೆಲ್ಲ, ನೀರು ತಂದುಕೊಟ್ಟರು. ಆ ಬೆಲ್ಲ ಸಿಗದಿದ್ದರೆ ಇದನ್ನು ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ. ಮನೆಗೆ ಬಂದಾಗ ಹೆಂಡತಿ ಹೆಚ್ಚೇನೂ ಅನ್ನಲಿಲ್ಲ. "ರೀ, ಹೋಗೂದು ಗೊತ್ತು ನಿಮಗ, ಬರೂದು ಗೊತ್ತಿಲ್ಲ" ಅಂದಳು, ಅಷ್ಟೆ.

ಆ ಮಾತನ್ನೇ ಹಿಡಿದು ನಾನು ಈಗ ದಾರಿಯನ್ನು ಹಿಂದುಮುಂದಾಗಿ ಯೋಜಿಸುತ್ತೇನೆ. ಮೊದಲು ವಾಪಸ್ ದಾರಿ, ಆಮೇಲೆ ಹೋಗುವ ದಾರಿ.

ಮುಖ್ಯವಾದದ್ದು ಏರು. ನಕ್ಷೆಯ ಆ್ಯಪುಗಳಲ್ಲಿ ದೂರದ ಜೊತೆಗೆ ಒಟ್ಟು ಎಷ್ಟು ಮೀಟರ್ ಏರು ಎಂಬುದೂ ಇರುತ್ತದೆ. ನಾವು ಯಾರೂ ಅದನ್ನು ನೋಡುವುದಿಲ್ಲ. ಸಿಂಹಗಡವನ್ನೇ ತೆಗೆದುಕೊಳ್ಳಿ. ಬುಡದಿಂದ ಮೇಲಕ್ಕೆ ಘಾಟ್ ರಸ್ತೆ ಸುಮಾರು 9 ಕಿ.ಮೀ. ಮಾತ್ರ. ಕೇಳಲು ಸಣ್ಣದು. ಆದರೆ ಅಷ್ಟರಲ್ಲೇ ಹತ್ತಿರಹತ್ತಿರ 600 ಮೀಟರ್ ಮೇಲೇರಬೇಕು, ಕೋಟೆ ಇರುವುದು 1300 ಮೀಟರ್ ಎತ್ತರದಲ್ಲಿ. ಬಯಲಿನ 40 ಕಿಲೋಮೀಟರಿಗಿಂತ ಆ 9 ಹೆಚ್ಚು ದಣಿಸುತ್ತದೆ. ಮೇಲೆ ಸಿಗುವ ಪಿಠಲ-ಭಾಕರಿ ನಮ್ಮ ಝುಣಕ-ರೊಟ್ಟಿಯ ಹಾಗೇ ಇರುತ್ತದೆ, ನಿಜ. ಅದರ ಆಸೆಗೆ ಮೊದಲ ತಿಂಗಳಲ್ಲೇ ಹತ್ತಲು ಹೋಗಬೇಡಿ. ನನ್ನ ಲೆಕ್ಕ ಹೀಗೆ: ಬಯಲಿನಲ್ಲಿ 10 ಕಿ.ಮೀ.ಗೆ 40 ನಿಮಿಷ, ಪ್ರತಿ 100 ಮೀಟರ್ ಏರಿಗೆ ಇನ್ನೂ 10 ನಿಮಿಷ, ಮಣ್ಣು-ಗರಸು ಬಂದಲ್ಲಿ ಸಮಯ ದುಪ್ಪಟ್ಟು. ಇದು ಪುಸ್ತಕದ್ದಲ್ಲ, ನನ್ನ ಕಾಲಿನದು. ನಿಮ್ಮದು ಬೇರೆ ಇರಬಹುದು, ಬರೆದಿಡಿ.

ಇನ್ನು ನೆಲ. ಹಳ್ಳಿ ಕಡೆಯ ಚಂದವೆಲ್ಲ ಡಾಂಬರು ಮುಗಿದ ಮೇಲೆಯೇ ಇರುವುದು, ಹಾಗಾಗಿ ಒಳದಾರಿ ಬೇಡವೇ ಬೇಡ ಅನ್ನಲಾರೆ. ಆದರೆ ಹೊಸ ಮಣ್ಣು ದಾರಿಯನ್ನು ಮೈ ತಾಜಾ ಇರುವ ಮೊದಲ ಅರ್ಧದಲ್ಲಿ ಇಟ್ಟುಕೊಳ್ಳಿ, ವಾಪಸಿಗೆ ಗೊತ್ತಿರುವ ಡಾಂಬರು ಇರಲಿ. ಟೈರು ಸ್ವಲ್ಪ ಅಗಲದ್ದು, 35-40 ಮಿ.ಮೀ. ಇದ್ದರೆ ಒಳ್ಳೆಯದು. ಮಣ್ಣಿಗಿಳಿಯುವ ಮೊದಲು ತುಸು ಗಾಳಿ ಇಳಿಸಿದರೆ ಜಾರುವುದು ಕಡಿಮೆ, ಬೆನ್ನಿಗೆ ಬಡಿತವೂ ಕಡಿಮೆ. ಮಳೆಗಾಲದಲ್ಲಿ ಗರಸಿನ ದಾರಿ ಪೂರ್ತಿ ಬಿಡಿ.

ಗಾಳಿಯನ್ನೂ ಮರೆಯಬೇಡಿ. ಬೇಸಿಗೆ, ಮಳೆಗಾಲದಲ್ಲಿ ಇಲ್ಲಿ ಪಶ್ಚಿಮದಿಂದ ಬೀಸುತ್ತದೆ. ಪಾನ್‌ಶೇತ್ ಕಡೆ ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ದಣಿದಾಗ ಬೆನ್ನಿಗಿರುವ ಗಾಳಿ ದೊಡ್ಡ ಉಪಕಾರ. ಚೆನ್ನೈನ ಇಸಿಆರ್‌ನಲ್ಲಿ ಏರಿನ ಚಿಂತೆಯಿಲ್ಲ, ಅಲ್ಲಿ ಕಡಲ ಗಾಳಿ ಮತ್ತು ಸೆಕೆಯ ಲೆಕ್ಕ ಹಾಕಬೇಕು. ದೆಹಲಿಯವರು ಚಳಿಗಾಲದ ಹೊಗೆ ದಟ್ಟವಾಗಿರುವ ಬೆಳಿಗ್ಗೆ ಹೊರಡದಿರುವುದೇ ಮೇಲು.

ಇಷ್ಟೆಲ್ಲ ನೋಡಿದ ಮೇಲೂ ದಾರಿಯಲ್ಲಿ ಎರಡು ಮೂರು "ತಿರುಗುವ ಜಾಗ" ಗುರುತು ಮಾಡಿ: ಚಹಾದ ಅಂಗಡಿ, ಬಸ್ಸು ಅಥವಾ ಟೆಂಪೋ ಸಿಗುವ ನಾಕಾ. ನನ್ನವು ಖಡಕ್‌ವಾಸ್ಲಾ, ಡೋಣಜೆ, ಖಾನಾಪುರ. ಎರಡು ನೀರಿನ ಬಾಟಲಿ ಒಯ್ಯುತ್ತೇನೆ, ಮೊದಲನೆಯದು ಮುಗಿದಲ್ಲಿಂದ ವಾಪಸ್, ಪಾನ್‌ಶೇತ್ ಎಷ್ಟೇ ಹತ್ತಿರವಿರಲಿ. ಜೊತೆಗಿರುವ ಹುಡುಗರು ನಗುತ್ತಾರೆ. ನಗಲಿ. ಅವರ ಜೇಬಿನಲ್ಲಿ ಮಾತ್ರೆ ಇಲ್ಲ.

ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಸೈಕಲ್ ದಿನದ ಡೋಸ್ ಬಗ್ಗೆ ಮೊದಲೇ ಡಾಕ್ಟರನ್ನು ಕೇಳಿ, ನೀವಾಗಿಯೇ ಬಿಡಬೇಡಿ. ನಾಷ್ಟಾ ಮಾಡದೆ ಹೊರಡಬೇಡಿ. ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಇರಲಿ. ಕೈ ನಡುಗಿದರೆ ಮೂರು ಚಮಚ ತಿಂದು 15 ನಿಮಿಷ ಕೂತುಕೊಳ್ಳಿ, ಕಡಿಮೆಯಾಗದಿದ್ದರೆ ಮತ್ತೆ ಅಷ್ಟೇ. ಶುಗರು ಕೆಲವು ಗಂಟೆ ಬಿಟ್ಟೂ ಇಳಿಯಬಹುದು, ಮನೆಗೆ ಬಂದ ಮೇಲೂ ಗಮನವಿರಲಿ. ಎದೆ ಬಿಗಿತ, ಎಡಗೈ ಅಥವಾ ದವಡೆಯಲ್ಲಿ ನೋವು ಬಂದರೆ ಗ್ಯಾಸು ಅಂತ ಸೋಡಾ ಹುಡುಕಬೇಡಿ. ಅಲ್ಲೇ ನಿಂತು 108 ಅಥವಾ 112ಕ್ಕೆ ಫೋನ್ ಮಾಡಿ.

ಇವತ್ತಿಗೂ ನಮ್ಮ ಫ್ರಿಜ್ಜಿನ ಮೇಲೆ ಒಂದು ಚೀಟಿ ಇರುತ್ತದೆ: ಮೂರು ಊರಿನ ಹೆಸರು, ಎದುರಿಗೆ ನಾನು ಅಲ್ಲಿ ಮುಟ್ಟುವ ಸಮಯ. ಡೋಣಜೆಯಿಂದ ಎಂಟರೊಳಗೆ ಮಿಸ್ಡ್ ಕಾಲ್ ಬರದಿದ್ದರೆ ಕೆಳಗಿನ ಮನೆಯ ಅಣ್ಣ ಸ್ಕೂಟರ್ ತೆಗೆಯುತ್ತಾರೆ. ಇದುವರೆಗೆ ಒಮ್ಮೆ ತೆಗೆದಿದ್ದಾರೆ. ನಾನು ಚಹಾ ಕುಡಿಯುತ್ತ ಕೂತಿದ್ದೆ, ಮಿಸ್ಡ್ ಕಾಲ್ ಮರೆತಿತ್ತು. ಆ ದಿನ ಇಬ್ಬರಿಂದಲೂ ಬೈಸಿಕೊಂಡೆ.